ಪಿಕಪ್ ಬಿಟ್ಟು ಎಸ್‌ಯುವಿಗೆ ಹೋಗೋದಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಪಿಕಪ್ ಓಡಿಸ್ತಾ ಇದ್ದವರು ಮಿಡ್‌ಸೈಜ್ ಎಸ್‌ಯುವಿಗೆ ಹೋಗ್ಬೇಕು ಅಂತ ಹೊರಟು ಮಧ್ಯದಲ್ಲಿ ನಿಂತುಬಿಟ್ಟಿದ್ದಾರೆ. ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಲಕ್ಕೆ ಇಟ್ಟು ಇವನ್ನೇ ತಗೊಂಡಿದೀನಿ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಕೇಳಿದ್ದಕ್ಕೆ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಮೇಡಂ ನಮಸ್ಕಾರ. ನಂದು ಡಬಲ್ ಕ್ಯಾಬ್, ಅಂದ್ರೆ ಎರಡು ಸಾಲು ಸೀಟಿರೋ ಪಿಕಪ್, ತಗೊಂಡು ಒಂಬತ್ತು ವರ್ಷ ಆಯ್ತು, ಗಾಡಿ ಮೇಲೆ ಒಂದು ಕಂಪ್ಲೇಂಟ್ ಇಲ್ಲ. ಆದ್ರೆ ಮಕ್ಕಳು ಎತ್ತರ ಆದ್ರು, ಹಿಂದಿನ ಸೀಟಲ್ಲಿ ಬೆನ್ನು ನೆಟ್ಟಗೆ ಇಟ್ಕೊಂಡೇ ಕೂರ್ಬೇಕು ಅಂತ ಗಲಾಟೆ ಮಾಡ್ತಾರೆ, ನನ್ನ ಹೆಂಡತಿನೂ ಅವರ ಪಾರ್ಟಿ ಸೇರ್ಕೊಂಡಿದಾಳೆ. ಮಿಡ್‌ಸೈಜ್ ಎಸ್‌ಯುವಿ ನೋಡೋಣ ಅಂತಿದೀವಿ. ನನ್ನ ಭಯ ಏನಂದ್ರೆ ಪಿಕಪ್ ಮಾರಿದ ಮಾರನೇ ವಾರನೇ ಏನಾದ್ರೂ ದೊಡ್ಡ ಸಾಮಾನು ಸಾಗಿಸೋ ಕೆಲಸ ಬಂದು ತಲೆ ಮೇಲೆ ಕೈ ಹೊತ್ಕೊಂಡು ಕೂರೋ ಹಾಗಾದ್ರೆ?

ಉತ್ತರ: ಹಿಂದಿನ ತೊಟ್ಟಿ ಬೇಕಾ ಅಂತ ಕೇಳಿದ್ರೆ ಪಿಕಪ್ ಇಟ್ಟವರು ಯಾರೂ ಬೇಡ ಅನ್ನಲ್ಲ, ಹಾಗಾಗಿ ಆ ಪ್ರಶ್ನೆನೇ ಬಿಟ್ಟಾಕಿ. ಕಳೆದ ಒಂದು ವರ್ಷದಲ್ಲಿ ತೊಟ್ಟಿಗೆ ಏನೇನು ಹಾಕಿದ್ರಿ ಅಂತ ಒಂದು ಕಾಗದದ ಮೇಲೆ ಬರೀರಿ. ಬರೆದ ಮೇಲೆ ಒಂದೊಂದಕ್ಕೂ ಎರಡು ಪ್ರಶ್ನೆ ಹಾಕಿ. ಇದು ಸೀಟು ಮಡಚಿದ ಎಸ್‌ಯುವಿ ಒಳಗೆ ಹಿಡಿಯುತ್ತಾ? ಹಿಡಿದ್ರೂ ನನ್ನ ಮಕ್ಕಳು ಉಸಿರಾಡೋ ಜಾಗದಲ್ಲಿ ಇದನ್ನ ಇಡ್ತೀನಾ?

ಮೊದಲನೇ ಪ್ರಶ್ನೆಗೆ ಜನ ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ಸಲ ಹೌದು ಅಂತಲೇ ಉತ್ತರ ಬರುತ್ತೆ. ಡಬಲ್ ಕ್ಯಾಬ್ ಪಿಕಪ್‌ಗಳ ತೊಟ್ಟಿ ಸಾಮಾನ್ಯವಾಗಿ ಒಂದೂವರೆ ಮೀಟರ್ ಆಸುಪಾಸು ಉದ್ದ ಇರೋದು. ಮೂರು ಸಾಲಿನ ಎಸ್‌ಯುವಿಯಲ್ಲಿ ಹಿಂದಿನ ಎರಡೂ ಸಾಲು ಮಡಚಿದ್ರೆ ಮುಂದಿನ ಸೀಟಿನ ಬೆನ್ನಿಂದ ಡಿಕ್ಕಿ ಬಾಗಿಲವರೆಗೆ ಹೆಚ್ಚುಕಡಿಮೆ ಎರಡು ಮೀಟರ್ ಸಿಗುತ್ತೆ. ಅಂದ್ರೆ ಉದ್ದದ ಸಾಮಾನಿಗೆ ಎಸ್‌ಯುವಿನೇ ವಾಸಿ. ಸೋಲೋದು ಎತ್ತರದಲ್ಲಿ. ತೊಟ್ಟಿಗೆ ಮೇಲೆ ಆಕಾಶ ಬಿಟ್ರೆ ಬೇರೆ ಮಿತಿ ಇಲ್ಲ, ಬೀರು ನಿಲ್ಲಿಸಿ ಹಗ್ಗ ಬಿಗಿದು ಹೊರಡ್ತೀರಿ. ಎಸ್‌ಯುವಿಯಲ್ಲಿ ಅದನ್ನ ಮಲಗಿಸ್ಬೇಕು, ಮಲಗಿಸಿ ಒಳಗೆ ನೂಕುವಾಗ ಡಿಕ್ಕಿ ಬಾಗಿಲ ಚೌಕಟ್ಟಿಗೆ ತಾಗುತ್ತೆ. ಶೋರೂಮಿಗೆ ಹೋಗುವಾಗ ಒಂದು ಅಳತೆ ಟೇಪ್ ಜೇಬಲ್ಲಿ ಇಟ್ಕೊಳ್ಳಿ. ಬ್ರೋಷರಲ್ಲಿ ಹಾಕಿರೋ ಲೀಟರ್ ಲೆಕ್ಕ ನಿಮಗೆ ಉಪಯೋಗ ಇಲ್ಲ. ನೋಡ್ಬೇಕಾದ್ದು ಮೂರು ಅಳತೆ: ಎರಡು ಚಕ್ರದ ಉಬ್ಬುಗಳ ಮಧ್ಯೆ ಎಷ್ಟು ಅಗಲ, ಡಿಕ್ಕಿ ಬಾಗಿಲು ಅತಿ ಕಿರಿದಾಗಿರೋ ಕಡೆ ಎಷ್ಟು, ಹಿಂದಿನ ಗಾಜು ಒಳಮುಖ ವಾಲಿರೋದ್ರಿಂದ ಮೇಲ್ಗಡೆ ಎಷ್ಟು ಜಾಗ ಹೋಗುತ್ತೆ. ಈ ಮೂರನೇದು ಯಾರಿಗೂ ಹೊಳೆಯಲ್ಲ, ಬಾಗಿಲು ತೆರೆದಿದ್ದಾಗ ಚೆನ್ನಾಗಿ ಹಿಡಿದ ಪೆಟ್ಟಿಗೆ ಬಾಗಿಲು ಹಾಕೋಕೆ ಹೋದಾಗ ಗಾಜಿಗೆ ಬಡಿಯೋದು ಇದಕ್ಕೇ.

ಎರಡನೇ ಪ್ರಶ್ನೆಲೇ ನಿಜವಾದ ವಿಷಯ ಇರೋದು. ಪಿಕಪ್ ನಿಮಗೆ ಕೊಟ್ಟಿದ್ದು ಬರೀ ಜಾಗ ಅಲ್ಲ, ಜನಕ್ಕೂ ಸಾಮಾನಿಗೂ ನಡುವೆ ಒಂದು ಗೋಡೆ ಕೊಟ್ಟಿದೆ. ಮಣ್ಣು, ಗೊಬ್ಬರ, ಒದ್ದೆ ಸೌದೆ, ಸೋರೋ ಡಬ್ಬ, ಪೇಂಟ್, ಕ್ರಿಮಿನಾಶಕ ಎಲ್ಲ ಗೋಡೆಯ ಆಚೆ, ನೀವು ಈಚೆ. ಎಸ್‌ಯುವಿಯಲ್ಲಿ ಆ ಗೋಡೆ ಇಲ್ಲ. ನಿಮ್ಮ ಪಟ್ಟಿಯಲ್ಲಿ ಇಂಥವು ಪ್ರತಿ ವಾರ ಬರ್ತಿದ್ರೆ ಪಿಕಪ್ ಮಾರ್ಬೇಡಿ, ಮಕ್ಕಳ ಬೆನ್ನಿಗೆ ಬೇರೆ ದಾರಿ ಹುಡುಕಿ. ವರ್ಷಕ್ಕೆ ಎಲ್ಲೋ ಮೂರು ನಾಲ್ಕು ಸಲ ಅಂದ್ರೆ ಆ ದಿನಕ್ಕೆ ಒಂದು ಗೂಡ್ಸ್ ಗಾಡಿ ಬಾಡಿಗೆಗೆ ತಗೊಳ್ಳಿ, ಉಳಿದ ದಿನ ಪೂರ್ತಿ ಖಾಲಿ ತೊಟ್ಟಿ ಎಳ್ಕೊಂಡು ಓಡಾಡೋದು ಯಾಕೆ.

ಬೆನ್ನು ನೋವಿನ ವಿಚಾರಕ್ಕೆ ಬಂದ್ರೆ ಮಕ್ಕಳು ಹೇಳ್ತಿರೋದು ಸುಳ್ಳಲ್ಲ. ಡಬಲ್ ಕ್ಯಾಬಲ್ಲಿ ಹಿಂದಿನ ಸೀಟಿನ ಬೆನ್ನಿಗೆ ಅಂಟಿಕೊಂಡೇ ಕ್ಯಾಬಿನ ಹಿಂಗೋಡೆ ಇರುತ್ತೆ, ವಾಲಿಸೋಕೆ ಜಾಗವೇ ಇಲ್ಲ. ಅದ್ರ ಜೊತೆಗೆ ಹಿಂದಿನ ಕಮಾನು ಪಟ್ಟಿ, ಅಂದ್ರೆ ಲೀಫ್ ಸ್ಪ್ರಿಂಗ್, ಮಾಡಿರೋದೇ ಒಂದು ಟನ್ ಹತ್ತಿರದ ಲೋಡಿಗೆ. ಖಾಲಿ ಇದ್ದಾಗ ಅದು ಬಗ್ಗೋದೇ ಇಲ್ಲ ಅನ್ನಬಹುದು, ಹಂಪ್ ಮೇಲೆ ಹಿಂದಿನ ಆಕ್ಸಲ್ ಪುಟಿದು ಬೀಳುತ್ತೆ, ಮಣ್ಣುರಸ್ತೆಯ ಅಲೆ ಅಲೆ ಉಬ್ಬಲ್ಲಿ ಗಾಡಿಯ ಬಾಲ ಪಕ್ಕಕ್ಕೆ ಸರಿಯುತ್ತೆ. ಡ್ರೈವರ್ ಸೀಟಲ್ಲಿ ಇದು ಅಷ್ಟು ಗೊತ್ತಾಗಲ್ಲ, ಹಿಂದೆ ಕೂತವರಿಗೆ ಗೊತ್ತಾಗುತ್ತೆ. ಒಂದು ಸಲ ಹೆಂಡತಿ ಕೈಗೆ ಸ್ಟೀರಿಂಗ್ ಕೊಟ್ಟು ನೀವು ಹಿಂದೆ ಕೂತು ನೋಡಿ, ಟೆಸ್ಟ್ ಡ್ರೈವಲ್ಲೂ ಅಷ್ಟೇ, ಅರ್ಧ ದಾರಿ ಹಿಂದೆ ಕೂರಿ.

ಪ್ರಶ್ನೆ: ನಾನು ನೋಡಿರೋ ಎಸ್‌ಯುವಿ ನನ್ನ ಪಿಕಪ್ಪಿನ ಚಾಸಿ, ಅಂದ್ರೆ ಅಡಿಯ ಚೌಕಟ್ಟಿನ ಮೇಲೇ ಕಟ್ಟಿದ್ದಂತೆ. ಹಾಗಿದ್ರೆ ಅದೇ ಗಾಡಿಗೆ ಮೇಲ್ಛಾವಣಿ ಹಾಕಿ ಜಾಸ್ತಿ ದುಡ್ಡು ಕೇಳ್ತಿದಾರೆ ಅಂತ ಫ್ರೆಂಡ್ಸ್ ನಗ್ತಾರೆ. ನಿಜಾನಾ?

ಉತ್ತರ: ಅರ್ಧ ನಿಜ. ಟೊಯೋಟಾ ಹೈಲಕ್ಸ್ ಮತ್ತೆ ಫಾರ್ಚೂನರ್, ಫೋರ್ಡ್ ರೇಂಜರ್ ಮತ್ತೆ ಎವರೆಸ್ಟ್, ಇಸುಜು ಡಿ-ಮ್ಯಾಕ್ಸ್ ಮತ್ತೆ ಎಂಯು-ಎಕ್ಸ್, ಈ ಜೋಡಿಗಳಲ್ಲಿ ಮೊದಲನೇದು ಪಿಕಪ್, ಎರಡನೇದು ಎಸ್‌ಯುವಿ, ಎಲ್ಲ ಅಣ್ಣತಮ್ಮಂದಿರೇ. ಹೈಲಕ್ಸ್, ಫಾರ್ಚೂನರ್ ಎರಡೂ ಟೊಯೋಟಾ 2004ರಲ್ಲಿ ತಂದ ಐಎಂವಿ ಅನ್ನೋ ಒಂದೇ ಅಡಿಪಾಯದ ಮೇಲೆ ಬೆಳೆದವು. ಆದ್ರೆ ನಿಮ್ಮ ಫ್ರೆಂಡ್ಸ್ ಬಗ್ಗಿ ಗಾಡಿಯ ಹಿಂಭಾಗ ಕೆಳಗೆ ನೋಡಿಲ್ಲ ಅನ್ಸುತ್ತೆ. ಪಿಕಪ್ಪಲ್ಲಿ ಕಮಾನು ಪಟ್ಟಿ ಇರೋ ಕಡೆ ಇವುಗಳಲ್ಲಿ ಕಾಯಿಲ್ ಸ್ಪ್ರಿಂಗ್ ಇರುತ್ತೆ, ಆಕ್ಸಲನ್ನ ಹಿಡಿದಿಡೋಕೆ ಬೇರೆ ಬೇರೆ ರಾಡ್‌ಗಳು ಇರ್ತವೆ. ಕಮಾನು ಪಟ್ಟಿ ಪಾಪ ಎರಡು ಕೆಲಸನೂ ಒಬ್ಬನೇ ಮಾಡ್ಬೇಕು, ಭಾರನೂ ಹೊರ್ಬೇಕು ಆಕ್ಸಲೂ ಅತ್ತಿತ್ತ ಹೋಗದ ಹಾಗೆ ಹಿಡೀಬೇಕು, ಅದಕ್ಕೇ ಅದನ್ನ ಮೆತ್ತಗೆ ಮಾಡೋಕಾಗಲ್ಲ. ಕೆಲಸ ಬೇರೆ ಬೇರೆ ಮಾಡಿದಾಗ ಸ್ಪ್ರಿಂಗನ್ನ ಮೆತ್ತಗೆ ಮಾಡಬಹುದು.

ಉದ್ದನೂ ಬೇರೆ. 2015ರಲ್ಲಿ ಬಂದ ತಲೆಮಾರಿನ ಹೈಲಕ್ಸ್ ಡಬಲ್ ಕ್ಯಾಬಿನ ವೀಲ್‌ಬೇಸ್, ಅಂದ್ರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ, 3085 ಮಿಲಿಮೀಟರ್, ಅದೇ ತಲೆಮಾರಿನ ಫಾರ್ಚೂನರ್‌ದು 2745. ಒಂದಡಿಗಿಂತ ಜಾಸ್ತಿ ವ್ಯತ್ಯಾಸ. ಪಾರ್ಕಿಂಗ್ ಮಾಡುವಾಗ, ಯು ಟರ್ನ್ ತಗೊಳ್ಳುವಾಗ ಮೊದಲನೇ ದಿನವೇ ಗೊತ್ತಾಗುತ್ತೆ.

ಇಷ್ಟು ಹೇಳಿದ್ಮೇಲೆ ಇನ್ನೊಂದು ಮಾತೂ ಹೇಳ್ಬೇಕು. ನಿಮಗೆ ಪಿಕಪ್ಪಿನ ಕುಲುಕಾಟ ಸಾಕಾಗಿ ಗಾಡಿ ಬದಲಾಯಿಸ್ತಿದ್ರೆ ಚಾಸಿ ಮೇಲೆ ಕಟ್ಟಿದ ಎಸ್‌ಯುವಿ ಅರ್ಧ ದಾರಿ ಮಾತ್ರ ತಲುಪಿಸುತ್ತೆ. ಪೂರ್ತಿ ಬದಲಾವಣೆ ಬೇಕಂದ್ರೆ ಮೊನೊಕಾಕ್, ಅಂದ್ರೆ ಚಾಸಿ ಬೇರೆ ಬಾಡಿ ಬೇರೆ ಇಲ್ದೆ ಎಲ್ಲಾ ಒಂದೇ ತುಂಡಾಗಿ ಬೆಸೆದಿರೋ ಗಾಡಿ ನೋಡ್ಬೇಕು. ಟೊಯೋಟಾ ಹೈಲ್ಯಾಂಡರ್, ಹೋಂಡಾ ಪೈಲಟ್, ಹ್ಯುಂಡೈ ಸ್ಯಾಂಟಾ ಫೆ ಎಲ್ಲ ಈ ಜಾತಿ. ಕಂಪನಿಗಳೇ ಈ ದಾರಿ ಹಿಡಿದಿದ್ದಾವೆ: ಫೋರ್ಡ್ ಎಕ್ಸ್‌ಪ್ಲೋರರ್ 1990ರಲ್ಲಿ ಬಂದಾಗ ರೇಂಜರ್ ಪಿಕಪ್ಪಿನ ಅಡಿಪಾಯದ ಮೇಲಿತ್ತು, 2011ರ ಮಾಡೆಲಿಗೆ ಮೊನೊಕಾಕ್ ಆಯ್ತು. ಕಿಯಾ ಸೊರೆಂಟೊ ಕೂಡ ಮೊದಲನೇ ತಲೆಮಾರಲ್ಲಿ ಚಾಸಿ ಗಾಡಿ, 2009ರ ಎರಡನೇ ತಲೆಮಾರಿಂದ ಅಲ್ಲ. ಕೊಳ್ಳೋರಲ್ಲಿ ಹೆಚ್ಚಿನವರು ಡಾಂಬರು ರಸ್ತೆ ಬಿಟ್ಟು ಇಳಿಯಲ್ಲ ಅನ್ನೋದು ಅವರಿಗೂ ಗೊತ್ತಾಯ್ತು.

ನನ್ನ ಲೆಕ್ಕ ಇಷ್ಟೇ, ಕಲ್ಲುದಾರಿ ಅಥವಾ ಭಾರದ ಟ್ರೇಲರ್ ನಿಮ್ಮ ವಾರದ ಭಾಗ ಆಗಿದ್ರೆ ಚಾಸಿ ಗಾಡಿ, ಇಲ್ಲಾಂದ್ರೆ ಮೊನೊಕಾಕ್. ಎತ್ತರ ಕಾಣುತ್ತೆ, ಗಡಸಾಗಿ ಕಾಣುತ್ತೆ ಅಂತ ಚಾಸಿ ಗಾಡಿ ತಗೊಂಡು ದಿನಾ ಆಫೀಸಿಗೆ ಓಡಿಸೋರು ಪಿಕಪ್ಪಿನ ಕಷ್ಟ ಪೂರ್ತಿ ಬಿಡದೆ ಪಿಕಪ್ಪಿನ ತೊಟ್ಟಿ ಮಾತ್ರ ಬಿಟ್ಟಂಗಾಯ್ತು.

ಪ್ರಶ್ನೆ: ನನ್ನ ಹತ್ರ ಸುಮಾರು 2000 ಕೆಜಿ ತೂಗೋ ಟ್ರೇಲರ್ ಇದೆ, ಬೋಟ್ ಸೇರಿಸಿ. ಪಿಕಪ್ ಆರಾಮಾಗಿ ಎಳೀತಿತ್ತು. ಈಗ ನೋಡಿರೋ ಎಸ್‌ಯುವಿದು ಟೋಯಿಂಗ್ 2000 ಕೆಜಿ ಅಂತ ಬರೆದಿದ್ದಾರೆ. ಸರಿಯಾಗಿ ಕೂರುತ್ತೆ ಅಲ್ವಾ?

ಉತ್ತರ: ಪೇಪರ್ ಮೇಲೆ ಕೂರುತ್ತೆ, ರಸ್ತೆ ಮೇಲೆ ಕೂರಲ್ಲ. ಒಂದು ಟನ್ ಕ್ಲಾಸಿನ ಪಿಕಪ್‌ಗಳಲ್ಲಿ ಬ್ರೇಕ್ ಇರೋ ಟ್ರೇಲರಿಗೆ 3500 ಕೆಜಿವರೆಗೆ ಮಿತಿ ಇರೋದು ಈಗ ಮಾಮೂಲಿ, ಹಾಗಾಗಿ ನಿಮ್ಮ ಬೋಟ್ ಅದಕ್ಕೆ ಒಂದು ಲೆಕ್ಕವೇ ಆಗಿರ್ಲಿಲ್ಲ. ಮೊನೊಕಾಕ್ ಮಿಡ್‌ಸೈಜ್ ಎಸ್‌ಯುವಿಗಳಲ್ಲಿ ಈ ಮಿತಿ 1500ರಿಂದ 2300 ಕೆಜಿ ಆಸುಪಾಸಲ್ಲಿ ಇರುತ್ತೆ, ನೀವು ಮಿತಿಯ ತುದಿಗೇ ನಿಂತ್ಕೊಂಡು ಶುರು ಮಾಡ್ತಿದೀರಿ.

ಅದಕ್ಕಿಂತ ಮುಖ್ಯ, ಬರೆದಿರೋ ಆ ಒಂದು ನಂಬರ್ ಪೂರ್ತಿ ಕಥೆ ಹೇಳಲ್ಲ. ಟ್ರೇಲರಿನ ಮೂತಿ ಗಾಡಿಯ ಕೊಕ್ಕೆ ಮೇಲೆ ಒತ್ತುತ್ತಲ್ಲ, ಆ ಭಾರ ಟ್ರೇಲರ್ ತೂಕದ ನೂರಕ್ಕೆ 10ರಿಂದ 15ರಷ್ಟು ಇದ್ರೆ ಟ್ರೇಲರ್ ನೆಟ್ಟಗೆ ಹಿಂಬಾಲಿಸುತ್ತೆ ಅನ್ನೋದು ತುಂಬಾ ಕಡೆ ಪಾಲಿಸೋ ಲೆಕ್ಕ. ನಿಮ್ಮ 2000 ಕೆಜಿಗೆ ಅದು ಕನಿಷ್ಠ 200 ಕೆಜಿ. ಆ 200 ಕೆಜಿ ಗಾಡಿಯ ಪೇಲೋಡಿಂದಲೇ, ಅಂದ್ರೆ ಜನ ಸಾಮಾನು ಸೇರಿ ಗಾಡಿ ಹೊರಬಹುದಾದ ತೂಕದಿಂದಲೇ ಕಳೀಬೇಕು. ಪೇಲೋಡ್ 600 ಕೆಜಿ ಅಂತ ಇಟ್ಕೊಳ್ಳಿ. ಮೂತಿಗೆ 200 ಹೋಯ್ತು, ನಾಲ್ಕು ಜನಕ್ಕೆ 300 ಹೋಯ್ತು, ಉಳಿದಿದ್ದು 100. ಅದ್ರಲ್ಲೇ ಬ್ಯಾಗು, ಟೂಲ್ಸು, ಐಸ್ ಪೆಟ್ಟಿಗೆ, ನಾಯಿ ಇದ್ರೆ ನಾಯಿ. ಕೊಕ್ಕೆಗೂ ಅದರದ್ದೇ ಒಂದು ಮಿತಿ ಇರುತ್ತೆ, ಕೆಲವು ಗಾಡಿಗಳಲ್ಲಿ ಅದು ಟ್ರೇಲರ್ ಮಿತಿಯ ಹತ್ತನೇ ಒಂದು ಭಾಗಕ್ಕಿಂತಲೂ ಕಮ್ಮಿ. ಮ್ಯಾನ್ಯುಯಲಲ್ಲಿ ಗಾಡಿ ಮತ್ತೆ ಟ್ರೇಲರ್ ಸೇರಿ ಒಟ್ಟು ಎಷ್ಟು ತೂಕ ಅಂತ ಇನ್ನೊಂದು ಮಿತಿ ಕೊಟ್ಟಿರ್ತಾರೆ, ಸೇಲ್ಸ್‌ನೋರು ಅದನ್ನ ತಾವಾಗಿ ಹೇಳಲ್ಲ, ಕೇಳಿ ತಿಳ್ಕೊಳ್ಳಿ.

ಆಮೇಲೆ ವೀಲ್‌ಬೇಸ್ ಕಮ್ಮಿ ಇರೋ ಗಾಡಿಯನ್ನ ಟ್ರೇಲರ್ ಬೇಗ ಅಲ್ಲಾಡಿಸುತ್ತೆ, ನಾಯಿನ ಬಾಲ ಅಲ್ಲಾಡಿಸೋದು ಅಂತಾರಲ್ಲ ಹಂಗೆ. ಪಿಕಪ್ಪಲ್ಲಿ ನೀವು ಮರೆತೇ ಬಿಟ್ಟಿದ್ದ ಅಡ್ಡಗಾಳಿ, ಪಕ್ಕದಲ್ಲಿ ಹಾದು ಹೋಗೋ ಲಾರಿ ಎಲ್ಲ ಈಗ ಸ್ಟೀರಿಂಗಿಗೆ ಬಂದು ತಾಗುತ್ತೆ. ಟ್ರೇಲರ್ ಓಲಾಡೋಕೆ ಶುರುವಾದ್ರೆ ಗಾಬರಿಯಾಗಿ ಬ್ರೇಕ್ ಒತ್ತೋದಾಗ್ಲಿ ಸ್ಟೀರಿಂಗ್ ತಿರುಗಿಸಿ ಸರಿ ಮಾಡೋದಾಗ್ಲಿ ಬೇಡ, ಆಕ್ಸಿಲರೇಟರ್ ನಿಧಾನ ಬಿಟ್ಟು ಸ್ಟೀರಿಂಗ್ ನೆಟ್ಟಗೆ ಹಿಡಿದು ವೇಗ ತಾನಾಗೇ ಇಳಿಯೋಕೆ ಬಿಡಿ. ಉದ್ದನೆ ಏರಿಕೆಯಲ್ಲಿ ಗೇರ್‌ಬಾಕ್ಸ್ ಆಯಿಲ್ ಬಿಸಿಯಾಗೋದು ಇನ್ನೊಂದು ತಲೆನೋವು, ಟೋಯಿಂಗ್ ಪ್ಯಾಕೇಜ್ ಅಂತ ಬೇರೆ ಕೊಡೋ ಗಾಡಿಗಳಲ್ಲಿ ಎಕ್ಸ್‌ಟ್ರಾ ಕೂಲರ್ ಅದ್ರಲ್ಲೇ ಬರಬಹುದು, ಅದಿಲ್ದೆ ಇರೋ ಮಾಡೆಲಿಗೆ ಮಿತಿನೇ ಕಮ್ಮಿ ಇರೋದೂ ಉಂಟು.

ಬೋಟ್ ಮಾರೋ ಯೋಚನೆ ಇಲ್ಲ ಅಂದ್ರೆ ಚಾಸಿ ಎಸ್‌ಯುವಿ ನೋಡಿ. 3000 ಕೆಜಿ ಅಥವಾ ಅದಕ್ಕೂ ಮೇಲೆ ಎಳೆಯೋವು ಅವುಗಳಲ್ಲಿ ಸಿಗುತ್ತೆ.

ಪ್ರಶ್ನೆ: ತೋಟಕ್ಕೆ ಹೋಗುವಾಗ ಜನರೇಟರ್‌ಗೆ ಪೆಟ್ರೋಲ್ ಕ್ಯಾನ್, ಔಷಧಿ ಡಬ್ಬ, ಆಗಾಗ ಗ್ಯಾಸ್ ಸಿಲಿಂಡರ್ ಹಾಕ್ಕೊಂಡು ಹೋಗ್ತೀನಿ. ಎಸ್‌ಯುವಿ ಡಿಕ್ಕಿಯಲ್ಲಿ ಕೆಳಗೆ ದಪ್ಪ ಮ್ಯಾಟ್ ಹಾಸಿದ್ರೆ ಸಾಕಾ?

ಉತ್ತರ: ಸಾಕಾಗಲ್ಲ. ಮ್ಯಾಟ್ ಕಲೆ ತಡಿಯುತ್ತೆ, ಆವಿ ತಡಿಯಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರೆ ಮೇಲೆ ಹೋಗದೆ ನೆಲಕ್ಕೆ ಇಳಿದು ಸೀಟಿನ ಕೆಳಗೆ ತುಂಬ್ಕೊಳ್ಳುತ್ತೆ. ತೆರೆದ ತೊಟ್ಟಿಯಲ್ಲಿ ಗಾಳಿಗೆ ಹಾರಿ ಹೋಗ್ತಿದ್ದ ಸಣ್ಣ ಸೋರಿಕೆ ಮುಚ್ಚಿದ ಕ್ಯಾಬಿನಲ್ಲಿ ಒಂದು ಕಿಡಿಗೆ ಕಾಯ್ತಾ ಇರುತ್ತೆ. ಪೆಟ್ರೋಲ್ ಕ್ಯಾನೂ ಹಂಗೇ, ಬಿಸಿಲಲ್ಲಿ ನಿಲ್ಲಿಸಿದ ಗಾಡಿಯಲ್ಲಿ ಒತ್ತಡ ಏರಿ ಮುಚ್ಚಳದ ಸಂದಿಯಿಂದ ಆವಿ ಬರುತ್ತೆ. ಔಷಧಿ ಡಬ್ಬ ಬಿಗಿಯಾಗಿ ಮುಚ್ಚಿದ್ರೂ ವಾಸನೆ ಬಂತು ಅಂದ್ರೆ ನೀವು ಅದನ್ನ ಉಸಿರಾಡ್ತಿದೀರಿ ಅಂತಲೇ ಅರ್ಥ.

ಇದರ ಜೊತೆ ಇನ್ನೊಂದು, ನೀವು ಕೇಳದೇ ಇದ್ರೂ ಹೇಳ್ತೀನಿ ಯಾಕಂದ್ರೆ ಪಿಕಪ್ಪಿಂದ ಬಂದವರು ಮಾಡೋ ಕೆಲಸ ಇದು. ಉದ್ದದ ಪೈಪು ಅಥವಾ ಏಣಿ ಇದ್ದಾಗ ಪಿಕಪ್ಪಿನ ಹಿಂಬಾಗಿಲು ಇಳಿಸಿ, ತುದಿಗೆ ಕೆಂಪು ಬಟ್ಟೆ ಕಟ್ಟಿ ಹೊರಡ್ತಿದ್ರಿ. ಎಸ್‌ಯುವಿಯಲ್ಲಿ ಡಿಕ್ಕಿ ಬಾಗಿಲು ತೆರೆದಿಟ್ಕೊಂಡು ಓಡಿಸ್ಬೇಡಿ. ಗಾಡಿ ಮುಂದೆ ಹೋಗುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಮ್ಮಿಯಾಗಿ ಸುಳಿ ಎದ್ದು, ಸೈಲೆನ್ಸರಿಂದ ಬಂದ ಹೊಗೆ ವಾಪಸ್ ಗಾಡಿ ಒಳಗೇ ಬರುತ್ತೆ. ಅದರಲ್ಲಿರೋ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣನೂ ಇಲ್ಲ ವಾಸನೆನೂ ಇಲ್ಲ, ತಲೆನೋವು ಬಂದು ಮಂಪರು ಹತ್ತಿದ ಮೇಲೆ ಕಿಟಕಿ ತೆಗೆಯೋ ಬುದ್ಧಿನೂ ಹೊಳೆಯಲ್ಲ. ಉದ್ದದ ಸಾಮಾನು ರೂಫಿಗೆ ಕಟ್ಟಿ, ಇಲ್ಲಾ ಟ್ರೇಲರಿಗೆ ಹಾಕಿ.

ನಿಮ್ಮ ಕೆಲಸಕ್ಕೆ ಒಂದು ಸಣ್ಣ ತೆರೆದ ಟ್ರೇಲರ್ ಸರಿಹೋಗುತ್ತೆ. ಪಿಕಪ್ಪಿನ ತೊಟ್ಟಿನ ಬೇಕಾದಾಗ ಜೋಡಿಸಿ ಬೇಡವಾದಾಗ ಮನೇಲಿ ಬಿಟ್ಟು ಹೋಗೋ ಹಾಗೆ.

ಪ್ರಶ್ನೆ: ರೂಫ್ ಕ್ಯಾರಿಯರ್ ಹಾಕಿಸಿದ್ರೆ ತೊಟ್ಟಿಯ ಅರ್ಧ ಕೆಲಸ ಆಗುತ್ತೆ ಅಂತಾರೆ?

ಉತ್ತರ: ಹಗುರ ಸಾಮಾನಿಗೆ ಮಾತ್ರ. ಓಡೋವಾಗ ರೂಫ್ ಹೊರೋ ಮಿತಿ ಬಹಳಷ್ಟು ಗಾಡಿಗಳಲ್ಲಿ 75ರಿಂದ 100 ಕೆಜಿ ಅಷ್ಟೇ, ಅದ್ರಲ್ಲಿ ಕ್ಯಾರಿಯರಿನ ಸ್ವಂತ ತೂಕನೂ ಸೇರ್ಕೊಂಡಿರುತ್ತೆ. ಸಿಮೆಂಟ್ ಮೂಟೆ ಮೇಲೆ ಹಾಕೋ ಯೋಚನೆ ಇದ್ರೆ ಈಗಲೇ ಬಿಡಿ. ಪಿಕಪ್ಪಲ್ಲಿ ಭಾರ ಆಕ್ಸಲ್ ಮೇಲೆ, ಸೊಂಟದ ಮಟ್ಟದಲ್ಲಿ ಕೂರ್ತಿತ್ತು, ರೂಫ್ ಮೇಲೆ ಅದೇ ಭಾರ ತಿರುವಲ್ಲಿ ಗಾಡಿನ ಹೊರಗೆ ವಾಲಿಸುತ್ತೆ. ಮೈಲೇಜೂ ಇಳಿಯುತ್ತೆ. ಕೆಲಸ ಮುಗಿದ ಮೇಲೆ ಬಿಚ್ಚಿಡಿ, ಚೆನ್ನಾಗಿ ಕಾಣುತ್ತೆ ಅಂತ ಖಾಲಿ ಕ್ಯಾರಿಯರ್ ಹೊತ್ಕೊಂಡು ತಿರುಗೋದ್ರಲ್ಲಿ ಅರ್ಥ ಇಲ್ಲ.

ಪ್ರಶ್ನೆ: ನನ್ನ ಪಿಕಪ್ಪಲ್ಲಿ ಫೋರ್ ವೀಲ್ ಡ್ರೈವಿಗೆ ಲಿವರ್ ಇದೆ. ಹೊಸ ಎಸ್‌ಯುವಿಯಲ್ಲಿ ಆಲ್ ವೀಲ್ ಡ್ರೈವ್ ಅಂತಾರೆ, ಲಿವರೂ ಇಲ್ಲ ಏನೂ ಇಲ್ಲ, ಒಂದು ಗುಂಡಿ ತಿರುಗಿಸಿದ್ರೆ ಮಣ್ಣಿನ ಚಿತ್ರ ಬರುತ್ತೆ ಅಷ್ಟೇ. ನಂಬೋದಾ?

ಉತ್ತರ: ಮಣ್ಣಿನ ಚಿತ್ರಕ್ಕೆ ಮಾರುಹೋಗ್ಬೇಡಿ, ಆದ್ರೆ ಆ ವ್ಯವಸ್ಥೆನ ಪೂರ್ತಿ ತಳ್ಳಿಹಾಕ್ಲೂಬೇಡಿ. ನಿಮ್ಮ ಲಿವರ್ ಹಾಕಿದಾಗ ಮುಂದಿನ ಆಕ್ಸಲೂ ಹಿಂದಿನ ಆಕ್ಸಲೂ ಗಟ್ಟಿಯಾಗಿ ಕಟ್ಟಿಹಾಕಿದ ಹಾಗೆ ಒಂದೇ ವೇಗದಲ್ಲಿ ತಿರುಗ್ತವೆ, ಎರಡಕ್ಕೂ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಡಿಫರೆನ್ಷಿಯಲ್ ಮಧ್ಯದಲ್ಲಿ ಇಲ್ಲ. ಕೆಸರಲ್ಲಿ ಅದು ವರ. ಒಣ ಡಾಂಬರಲ್ಲಿ ತಿರುವು ತಗೊಂಡ್ರೆ ಮುಂದಿನ ಚಕ್ರ ಜಾಸ್ತಿ ದೂರ ಹೋಗ್ಬೇಕು, ಹೋಗೋಕೆ ಬಿಡಲ್ಲ, ಗೇರುಗಳಲ್ಲಿ ಒತ್ತಡ ಕಟ್ಕೊಂಡು ಗಾಡಿ ಎಳೆದ ಹಾಗಾಗುತ್ತೆ. ಅದಕ್ಕೇ ಮಳೆ ಶುರುವಾಗಿ ರಸ್ತೆ ಅಲ್ಲಲ್ಲಿ ಒದ್ದೆ ಅಲ್ಲಲ್ಲಿ ಒಣ ಇರೋವಾಗ ಪಿಕಪ್ ಟೂ ವೀಲಲ್ಲೇ ಓಡಬೇಕಾಗುತ್ತೆ, ಖಾಲಿ ಹಿಂಭಾಗ ಜಾರೋದೂ ಅವಾಗಲೇ. ಆಲ್ ವೀಲ್ ಡ್ರೈವ್ ಆ ಹೊತ್ತಲ್ಲೂ ತನ್ನಷ್ಟಕ್ಕೆ ಕೆಲಸ ಮಾಡ್ತಿರುತ್ತೆ. ದಿನನಿತ್ಯದ ರಸ್ತೆಗೆ ಇದೇ ಹೆಚ್ಚು ಉಪಯೋಗ.

ಸಿಗದೇ ಇರೋದು ಲೋ ರೇಂಜ್, ಅಂದ್ರೆ ತೀರಾ ನಿಧಾನಕ್ಕೆ ಜಾಸ್ತಿ ಬಲದಲ್ಲಿ ಎಳೆಯೋ ಗೇರು. ಮಂಡಿ ಎತ್ತರದ ಕಲ್ಲು, ಕಡಿದಾದ ಇಳಿಜಾರು, ಬೋಟ್ ಹತ್ತಿಸೋ ಜಾರು ರ‍್ಯಾಂಪ್, ಇಲ್ಲೆಲ್ಲ ಲೋ ರೇಂಜಿನ ಬದಲಿಗೆ ಸಾಫ್ಟ್‌ವೇರ್ ಇಟ್ಟು ಮ್ಯಾನೇಜ್ ಮಾಡ್ತಾರೆ, ಸ್ವಲ್ಪ ಹೊತ್ತಿಗೆ ಎರಡು ಆಕ್ಸಲಿಗೆ ಬಲ ಹಂಚೋ ಕಪ್ಲಿಂಗ್ ಬಿಸಿಯಾಗಿ ಕೈಕೊಡೋದು ಉಂಟು. ಎರಡೂ ಬೇಕಂದ್ರೆ ಮಿತ್ಸುಬಿಷಿ ಪಜೆರೊ ಸ್ಪೋರ್ಟಿನ ಸೂಪರ್ ಸೆಲೆಕ್ಟ್ ಥರದ್ದು ನೋಡಿ, ಮಧ್ಯದಲ್ಲಿ ಡಿಫರೆನ್ಷಿಯಲ್ ಇರೋದ್ರಿಂದ ಡಾಂಬರಲ್ಲೂ ಫೋರ್ ವೀಲ್ ಹಾಕ್ಬಹುದು, ಲೋ ರೇಂಜೂ ಇದೆ.

ಆಲ್ ವೀಲ್ ಗಾಡಿಗೆ ಟೈರ್ ಮಾತ್ರ ಹುಷಾರು. ನಾಲ್ಕೂ ಒಂದೇ ಅಳತೆ, ಸವೆತನೂ ಹೆಚ್ಚುಕಡಿಮೆ ಒಂದೇ ಇರ್ಬೇಕು. ಪಂಕ್ಚರ್ ಆದ ಒಂದಕ್ಕೆ ಹೊಸದು ಹಾಕಿ ಉಳಿದ ಮೂರು ಬೋಳು ಟೈರಲ್ಲಿ ಓಡಿಸಿದ್ರೆ ಸುತ್ತಳತೆ ವ್ಯತ್ಯಾಸಕ್ಕೆ ಕಪ್ಲಿಂಗ್ ಬಿಡುವಿಲ್ದೆ ದುಡಿದು ಹಾಳಾಗುತ್ತೆ.

ಪ್ರಶ್ನೆ: ಟೈರ್ ವಿಷಯಕ್ಕೆ ಕೇಳ್ತೀನಿ, ಪಿಕಪ್ಪಿಗೆ ಹೋದ ವರ್ಷ ಒಳ್ಳೆ ಆಲ್ ಟೆರೇನ್ ಟೈರ್, ಅಲಾಯ್ ವೀಲ್ ಹಾಕಿಸಿದೀನಿ. ಅದನ್ನ ಎಸ್‌ಯುವಿಗೆ ಹಾಕ್ಕೊಳ್ಳಬಹುದಾ?

ಉತ್ತರ: ಚಾಸಿ ಎಸ್‌ಯುವಿ ಆದ್ರೆ ವೀಲ್ ಕೂರೋ ಸಾಧ್ಯತೆ ಇದೆ, ಹೈಲಕ್ಸ್, ಫಾರ್ಚೂನರ್ ಥರದ ಗಾಡಿಗಳಿಗೆ ಆರು ನಟ್ಟು, ಆ ನಟ್ಟುಗಳು ಕೂರೋ ವೃತ್ತದ ಅಡ್ಡಳತೆ 139.7 ಮಿಲಿಮೀಟರ್. ಮೊನೊಕಾಕಲ್ಲಿ ಸಾಮಾನ್ಯವಾಗಿ ಐದೇ ನಟ್ಟು, ಕೂರೋ ಮಾತೇ ಇಲ್ಲ. ಕೂತ್ರೂ ಪಿಕಪ್ಪಿನ ಟೈರಿನ ಪಕ್ಕದ ಗೋಡೆ ಭಾರಕ್ಕೆ ಅಂತ ದಪ್ಪ ಮಾಡಿರ್ತಾರೆ, ಎಸ್‌ಯುವಿಗೆ ಹಾಕಿದ್ರೆ ಯಾವ ಕುಲುಕಾಟ ತಪ್ಪಿಸೋಕೆ ಗಾಡಿ ಬದಲಾಯಿಸಿದ್ರೋ ಅದೇ ವಾಪಸ್ ಬರುತ್ತೆ. ಪಿಕಪ್ ಜೊತೆಗೇ ಮಾರಿ.

ಪ್ರಶ್ನೆ: ಮೇಡಂ, ನಮ್ಮ ಯಜಮಾನ್ರು ಬೆಳಿಗ್ಗೆ ಎಸ್‌ಯುವಿ ಬುಕ್ ಮಾಡೋಣ ಅಂತಾರೆ, ಸಂಜೆ ಪಿಕಪ್ ತೊಳೀತಾ ತೊಳೀತಾ ಮನಸು ಬದಲಾಯಿಸ್ತಾರೆ. ಈಗ ಹೊಸ ಐಡಿಯಾ, ಎರಡೂ ಇಟ್ಕೊಳ್ಳೋಣ, ಹಳೇದಕ್ಕೆ ಏನು ಬೆಲೆ ಬರುತ್ತೆ ಅಂತ. ನಂಗೆ ಇದು ಸರಿ ಕಾಣ್ತಿಲ್ಲ, ಹೇಳೋಕೆ ಕಾರಣ ಗೊತ್ತಾಗ್ತಿಲ್ಲ.

ಉತ್ತರ: ಕಾರಣ ನಾನು ಕೊಡ್ತೀನಿ. ನಿಂತ ಗಾಡಿಗೂ ಖರ್ಚು ಇದೆ. ಬ್ಯಾಟರಿ ಇಳಿಯುತ್ತೆ, ಬ್ರೇಕ್ ತುಕ್ಕು ಹಿಡಿಯುತ್ತೆ, ಇನ್ಶೂರೆನ್ಸ್ ಎರಡು ಕಟ್ಬೇಕು, ಟೈರ್ ಸವೆಯದಿದ್ರೂ ಹಳೇದಾಗುತ್ತೆ. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗೋ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತೆ, 2319 ಅಂತಿದ್ರೆ 2019ರ 23ನೇ ವಾರ ತಯಾರಾಗಿದ್ದು, ಹೋಗಿ ನೋಡಿ ಎಷ್ಟಿದೆ ಅಂತ. ತೊಟ್ಟಿಯ ಕೆಳಗೆ ಚಾಸಿ ಪಟ್ಟಿಯ ಒಳಭಾಗಕ್ಕೂ ಟಾರ್ಚ್ ಹಾಕಿ ನೋಡಿ, ಅಲ್ಲಿ ಮಣ್ಣು ಕೂತು ತೇವ ಹಿಡ್ಕೊಂಡು ಒಳಗಿಂದ ತುಕ್ಕು ತಿನ್ನೋದು ಪಿಕಪ್‌ಗಳಿಗೆ ಹಳೇ ಕಾಯಿಲೆ, ಹೊರಗೆ ಎಷ್ಟು ತೊಳೆದ್ರೂ ಕಾಣಲ್ಲ.

ಆದ್ರೂ ಒಂದು ಮಾತು. ಅವ್ರ ಪ್ರೀತಿಗೆ ನಗ್ಬೇಡಿ. ಪಿಕಪ್ ಇದ್ದವರನ್ನ ಅಕ್ಕಪಕ್ಕದೋರು, ನೆಂಟರು, ಫ್ರೆಂಡ್ಸ್ ಎಲ್ಲ ಸಾಮಾನು ಸಾಗಿಸೋಕೆ ಕರೀತಾರೆ, ಬೈಕೊಂಡೇ ಹೋಗ್ತಾರೆ, ಆದ್ರೆ ಕರೆಯೋದು ನಿಂತ್ರೆ ಬೇಜಾರಾಗುತ್ತೆ. ಅದನ್ನ ಯಾವ ಬ್ರೋಷರೂ ಲೆಕ್ಕ ಹಾಕಲ್ಲ. ಒಂದು ವಾರಕ್ಕೆ ಅದೇ ಥರದ ಎಸ್‌ಯುವಿ ಬಾಡಿಗೆಗೆ ತನ್ನಿ, ಪಿಕಪ್ ಕೀಲಿ ನಿಮ್ಮ ಹತ್ರ ಇರ್ಲಿ, ಆ ವಾರ ಅವ್ರು ಕೀಲಿ ಎಷ್ಟು ಸಲ ಕೇಳ್ತಾರೆ ಅಂತ ನೋಡಿ. ಸುಮ್ನೆ ಕೇಳಿದ್ದು ಯಾವ್ದು, ಕೆಲಸಕ್ಕೆ ಕೇಳಿದ್ದು ಯಾವ್ದು ನಿಮಗೇ ಗೊತ್ತಾಗುತ್ತೆ. ಕೆಲಸಕ್ಕೇ ಕೇಳಿದ್ರೆ ಆ ಎಸ್‌ಯುವಿ ಬುಕ್ ಮಾಡ್ಬೇಡಿ.

ಪ್ರಶ್ನೆ: ಏಳು ಸೀಟಿಂದು ನೋಡ್ತಿದೀವಿ, ಚಿಕ್ಕ ಮಕ್ಕಳಿದ್ದಾರೆ. ಎತ್ತರದ ಗಾಡಿ ಸೇಫ್ ಅಲ್ವಾ?

ಉತ್ತರ: ಒಳಗಿರೋರಿಗೆ ತಕ್ಕಮಟ್ಟಿಗೆ. ಹೊರಗಿರೋರಿಗೆ ಎತ್ತರ ಒಳ್ಳೇದಲ್ಲ. ಅಮೆರಿಕದ ಐಐಎಚ್ಎಸ್ ಅನ್ನೋ ರಸ್ತೆ ಸುರಕ್ಷತಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾನೆಟ್ 40 ಇಂಚಿಗಿಂತ ಎತ್ತರ ಇರೋ ಗಾಡಿಗಳು ಪಾದಚಾರಿಗೆ ಗುದ್ದಿದಾಗ ಸಾವಾಗೋ ಸಾಧ್ಯತೆ, 30 ಇಂಚು ಅಥವಾ ಅದಕ್ಕಿಂತ ತಗ್ಗಿನ ಇಳಿಜಾರು ಮೂತಿಯ ಗಾಡಿಗಳಿಗಿಂತ ಸುಮಾರು ಶೇಕಡಾ 45 ಜಾಸ್ತಿ ಅಂತ ಬಂತು. ಪಿಕಪ್ಪಿಂದ ಬರೋರಿಗೆ ಎತ್ತರದ ಮೂತಿ ಅಭ್ಯಾಸ ಆಗಿಬಿಟ್ಟಿರುತ್ತೆ, ಮುಂದೆ ಮಗು ನಿಂತ್ರೆ ಕಾಣುತ್ತಾ ಅಂತ ಶೋರೂಮಲ್ಲೇ ನಿಮ್ಮ ಮಗುನ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಸೀಟಲ್ಲಿ ಕೂತು ನೋಡಿ. ಬಾನೆಟ್ ತಗ್ಗಾಗಿರೋ ಮಾಡೆಲ್ ಸಿಕ್ರೆ ಅದನ್ನೇ ಆರಿಸಿ.

ಮೂರನೇ ಸಾಲಿಗೆ ಬಂದ್ರೆ, ಕಿಟಕಿ ಪಕ್ಕ ಪರದೆ ಥರ ಇಳಿಯೋ ಕರ್ಟನ್ ಏರ್‌ಬ್ಯಾಗ್ ಅಲ್ಲೀವರೆಗೂ ಬರುತ್ತಾ ಕೇಳಿ, ಮಕ್ಕಳ ಸೀಟು ಸಿಕ್ಕಿಸೋ ಐಸೊಫಿಕ್ಸ್ ಕೊಂಡಿ ಎಲ್ಲೆಲ್ಲಿದೆ ನೋಡಿ. ಏಳೂ ಜನ ಕೂತ ಮೇಲೆ ಡಿಕ್ಕಿಯಲ್ಲಿ ಉಳಿಯೋದು ಎರಡು ಮೂರು ಚೀಲದ ಜಾಗ. ತೂಕನೂ ಲೆಕ್ಕ ಹಾಕಿ, ಪೇಲೋಡ್ 600 ಕೆಜಿ ಇದ್ರೆ 75 ಕೆಜಿಯ ಏಳು ಜನಕ್ಕೇ 525 ಮುಗೀತು. ಇನ್ನೊಂದು ಪಿಕಪ್ ಅಭ್ಯಾಸ ಬಿಡ್ಬೇಕು, ಸಾಮಾನು ಎಸೆದು ಹೊರಡೋದು. ತೊಟ್ಟಿಯಲ್ಲಿ ಜಾರಿದ ಟೂಲ್ ಬಾಕ್ಸ್ ಕ್ಯಾಬಿನ ಗೋಡೆಗೆ ಬಡೀತಿತ್ತು, ಇಲ್ಲಿ ಅದು ಮಗುವಿನ ತಲೆಗೆ ಬರುತ್ತೆ. 50 ಕಿಲೋಮೀಟರ್ ವೇಗದಲ್ಲಿ ಹೋಗ್ತಿರೋ ವಸ್ತು ಅರ್ಧ ಮೀಟರ್ ದೂರದಲ್ಲಿ ನಿಲ್ಲಬೇಕಂದ್ರೆ ಅದರ ತೂಕದ ಸುಮಾರು 20 ಪಟ್ಟು ಬಲ ಬೀಳುತ್ತೆ, 20 ಕೆಜಿ ಪೆಟ್ಟಿಗೆ 400 ಕೆಜಿ ಆಗಿ ಬರುತ್ತೆ ಅಂತಾಯ್ತು. ನೆಲದಲ್ಲಿ ಕೊಂಡಿಗಳು ಇರ್ತವೆ, ಬೆಲ್ಟ್ ಹಾಕಿ ಬಿಗೀರಿ, ಭಾರದ್ದು ಕೆಳಗೆ, ಸೀಟಿನ ಬೆನ್ನಿಗೆ ಒತ್ತಿಕೊಂಡಿರ್ಲಿ.

ಪ್ರಶ್ನೆ: ನಂಗೆ ಡೀಸೆಲ್ಲೇ ಇಷ್ಟ, ಪಿಕಪ್ಪೂ ಡೀಸೆಲ್. ಎಸ್‌ಯುವಿನೂ ಅದೇ ತಗೊಳ್ಲಾ? ಮನೆಯಿಂದ ಆಫೀಸಿಗೆ ಹತ್ತು ನಿಮಿಷದ ದಾರಿ.

ಉತ್ತರ: ಹತ್ತು ನಿಮಿಷದ ದಾರಿಗೆ ಹೊಸ ಡೀಸೆಲ್ ಬೇಡ. ಹೊಗೆಯ ಮಸಿ ಹಿಡಿಯೋ ಡಿಪಿಎಫ್ ಫಿಲ್ಟರ್ ಸೈಲೆನ್ಸರ್ ದಾರಿಯಲ್ಲಿ ಇರುತ್ತೆ, ಆ ಮಸಿ ಸುಟ್ಟು ಹೋಗೋಕೆ ಗಾಡಿ ಚೆನ್ನಾಗಿ ಬಿಸಿಯಾಗಿ ಸ್ವಲ್ಪ ದೂರ ಒಂದೇ ಸಮ ಓಡ್ಬೇಕು. ಅಷ್ಟು ಓಡದೇ ಇದ್ರೆ ಕಟ್ಕೊಂಡು ಲೈಟ್ ಬರುತ್ತೆ. ಸಿಟಿಯಲ್ಲಿ ನಿಂತು ನಿಂತು ಹೋಗೋರಿಗೆ ಇಂಜಿನ್ ಜೊತೆ ಕರೆಂಟ್ ಮೋಟರೂ ಇರೋ ಹೈಬ್ರಿಡ್ ಚೆನ್ನಾಗಿ ಇಂಧನ ಉಳಿಸುತ್ತೆ, ಬ್ರೇಕ್ ಒತ್ತಿದಾಗ ವ್ಯರ್ಥ ಆಗ್ತಿದ್ದ ಶಕ್ತಿ ಬ್ಯಾಟರಿಗೆ ಹೋಗುತ್ತೆ. ಹೈವೇಲಿ ಒಂದೇ ಸಮ ಹೋಗೋರಿಗೆ ಅಷ್ಟು ಲಾಭ ಇಲ್ಲ.

ಪ್ರಶ್ನೆ: ಸ್ಟೆಪ್ನಿ ಬಗ್ಗೆ ಯಾರೂ ಹೇಳಲ್ಲ, ನೀವಾದ್ರೂ ಹೇಳಿ.

ಉತ್ತರ: ಪಿಕಪ್ಪಲ್ಲಿ ತೊಟ್ಟಿ ಕೆಳಗೆ ಚೈನಲ್ಲಿ ಪೂರ್ತಿ ಅಳತೆಯ ಟೈರ್ ನೇತಾಡ್ತಿತ್ತು. ಎಷ್ಟೋ ಎಸ್‌ಯುವಿಗಳಲ್ಲಿ ತಾತ್ಕಾಲಿಕ ಸಣ್ಣ ಟೈರ್ ಕೊಡ್ತಾರೆ, ಅದರಲ್ಲಿ ಸಾಮಾನ್ಯವಾಗಿ 80 ಕಿಲೋಮೀಟರ್ ವೇಗ ಮೀರೋ ಹಾಗಿಲ್ಲ, ಕೆಲವದ್ರಲ್ಲಿ ಅದೂ ಇಲ್ಲ, ಒಂದು ಗಾಳಿ ಪಂಪು ಮತ್ತೆ ಅಂಟು ಬಾಟ್ಲಿ ಅಷ್ಟೇ. ಟೈರಿನ ಪಕ್ಕದ ಗೋಡೆ ಹರಿದ್ರೆ ಆ ಅಂಟು ಕೆಲಸಕ್ಕೆ ಬರಲ್ಲ. ಕೊಳ್ಳೋ ಮುಂಚೆ ಡಿಕ್ಕಿಯ ನೆಲ ಎತ್ತಿಸಿ ನೋಡಿ, ಪೂರ್ತಿ ಅಳತೆಯ ಸ್ಟೆಪ್ನಿ ಅಲ್ಲಿ ಕೂರುತ್ತಾ ಅಂತ ಕೇಳಿ. ಟೈರ್ ಡಿಕ್ಕಿಯ ನೆಲದ ಕೆಳಗೆ ಇದ್ರೆ ರಾತ್ರಿ ದಾರಿ ಮಧ್ಯೆ ಪಂಕ್ಚರ್ ಆದಾಗ ಮೊದಲು ಸಾಮಾನೆಲ್ಲ ಇಳಿಸಿ ರಸ್ತೆ ಪಕ್ಕ ಇಡ್ಬೇಕು, ಒಂದು ಟಾರ್ಪಲ್ ಗಾಡಿಯಲ್ಲೇ ಇರ್ಲಿ.